ಮಾಮನ ಮೇಲ್ ಅಪ್ಪನ ಫೋನಿಗೆ ಬಂದಾಗ

ಎರಡು ವರ್ಷದ ಹಿಂದಿನ ಜೂನ್ ತಿಂಗಳು. ಬೆಂಗಳೂರಿನ ಆಫೀಸಿನಲ್ಲಿ ಮಧ್ಯಾಹ್ನದ ಮೀಟಿಂಗ್ ನಡೀತಿತ್ತು. ದೇವದುರ್ಗದಿಂದ ಸೋದರಮಾವನ ಫೋನು. ಮಾಮನದು ಬೀಜ, ಗೊಬ್ಬರದ ಅಂಗಡಿ. ಬಿತ್ತನೆ ಹಂಗಾಮಿನಲ್ಲಿ ಅವರಿಗೆ ಊಟಕ್ಕೂ ಪುರುಸೊತ್ತು ಇರೋದಿಲ್ಲ. ಅಂಥ ಹೊತ್ತಿನಲ್ಲಿ ಫೋನ್ ಮಾಡಿದ್ದಾರೆ ಅಂದ್ರೆ ಏನೋ ಆಗಿದೆ ಅಂತ ಹೊರಗೆ ಬಂದು ಎತ್ತಿದೆ.

“ಅಳಿಯಾ, ನಮ್ಮ ಅಂಗಡಿ ಮೇಲ್ ಹೋಗ್ಯದಪಾ.”

“ಹೋಗ್ಯದ ಅಂದ್ರ ಏನ್ ಮಾಮಾ?”

“ಹೋಗ್ಯದ ಅಂದ್ರ ಹೋಗ್ಯದ. ಆ ಹುಡುಗನ ಜೋಡಿ ಹೋಗ್ಯದ.”

ಅಂಗಡಿಯಲ್ಲಿ ಬಿಲ್ ಮಾಡುತ್ತಿದ್ದ ಹುಡುಗ ಹೈದರಾಬಾದಿನಲ್ಲಿ ಕೆಲಸ ಸಿಕ್ಕಿತು ಅಂತ ಹೋಗಿದ್ದ. 2017ರಲ್ಲಿ ಜಿಎಸ್‌ಟಿ ಶುರುವಾದಾಗ ಅಂಗಡಿಗೊಂದು ಇಮೇಲ್ ವಿಳಾಸ ಬೇಕಾಗಿತ್ತು. ಮಾಮನಿಗೆ ಅದೆಲ್ಲ ಗೊತ್ತಿರಲಿಲ್ಲ. ಅವನೇ ತನ್ನ ಮೊಬೈಲ್ ನಂಬರ್ ಕೊಟ್ಟು ಒಂದು ಉಚಿತ ಖಾತೆ ತೆರೆದ. ಅದೇ ವಿಳಾಸ ಬಿಲ್ ಬುಕ್ಕಿನ ಮೇಲೆ ಬಂತು, ಬೋರ್ಡಿನ ಮೇಲೆ ಬಂತು, ಬೀಜದ ಕಂಪನಿಗಳ ದಾಖಲೆಗೆ ಹೋಯ್ತು. ಈಗ ಅಂಗಡಿಯ ಕಂಪ್ಯೂಟರ್ ಕೆಟ್ಟು ಫಾರ್ಮ್ಯಾಟ್ ಆಗಿತ್ತು. ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಮರಳಿ ಪಡೆಯುವ ಕೋಡ್ ಹುಡುಗನ ಹಳೆ ನಂಬರಿಗೆ ಹೋಗುತ್ತೆ, ಆ ನಂಬರ್ ಬಂದ್.

ಹುಡುಗ ಕೆಟ್ಟವನಲ್ಲ. ಫೋನ್ ಮಾಡಿದರೆ ಎತ್ತಿದ, ನೆನಪಿದ್ದ ಪಾಸ್‌ವರ್ಡ್‌ಗಳನ್ನೆಲ್ಲ ಹೇಳಿದ, ಯಾವುದೂ ಹತ್ತಲಿಲ್ಲ. ಅಷ್ಟು ವರ್ಷದ ಇನ್‌ವಾಯ್ಸು, ಸ್ಟೇಟ್‌ಮೆಂಟು, ಕಂಪನಿಯವರು ಒಪ್ಪಿಕೊಂಡ ರಿಯಾಯಿತಿಯ ಪತ್ರಗಳು ಎಲ್ಲ ಒಳಗೆ. ಬಾಗಿಲು ಹಾಕಿದೆ, ಬೀಗದ ಕೈ ಯಾರ ಹತ್ತಿರವೂ ಇಲ್ಲ.

ಆ ವಾರ ಊರಿಗೆ ಹೋದಾಗ ಮನೆಯವರ ವಿಳಾಸಗಳನ್ನೆಲ್ಲ ಒಂದೊಂದಾಗಿ ನೋಡಿದೆ. ರಾಯಚೂರಿನ ಗಂಜ್‌ನಲ್ಲಿ ಅಪ್ಪನ ಅಡತಿ ಅಂಗಡಿ. ಅದರ ಇಮೇಲ್ ನಾನು ಕಾಲೇಜಿನಲ್ಲಿದ್ದಾಗ ತೆರೆದ ನನ್ನದೇ ಖಾತೆ. ಮಾನ್ವಿಯಲ್ಲಿ ಅಕ್ಕನ ಮನೆಯವರ ಅಕ್ಕಿ ಗಿರಣಿ. ಲೆಕ್ಕವೆಲ್ಲ ಅಕ್ಕನೇ ನೋಡುತ್ತಾಳೆ, ಗಿರಣಿಯ ಮೇಲೂ ಅಕ್ಕನ ಮಕ್ಕಳ ಸ್ಕೂಲ್ ಸರ್ಕ್ಯುಲರ್‌ಗಳೂ ಒಂದೇ ಇನ್‌ಬಾಕ್ಸಿನಲ್ಲಿ. ಮೂರು ವ್ಯಾಪಾರ, ಮೂರಕ್ಕೂ ಸ್ವಂತದ ವಿಳಾಸ ಅಂತ ಒಂದೂ ಇಲ್ಲ.

“ಮೂರಕ್ಕೂ ನಾನೇ ಮಾಡಿಕೊಡ್ತೀನಿ” ಅಂದೆ. ಸಾಫ್ಟ್‌ವೇರ್ ಎಂಜಿನಿಯರ್ ಅಲ್ವಾ, ಎರಡು ದಿನದ ಕೆಲಸ ಅನ್ಕೊಂಡಿದ್ದೆ.

ಪಿನ್‌ಕೋಡ್ ಗೊತ್ತಿದ್ದರೆ ಇದೂ ಗೊತ್ತಾಗುತ್ತೆ

ರಾಯಚೂರಿನ ಪಿನ್‌ಕೋಡ್ 584101. ದೇವದುರ್ಗ 584111. ಮಾನ್ವಿ 584123. ಮೊದಲ ಮೂರು ಅಂಕಿ ಮೂರಕ್ಕೂ ಒಂದೇ, 584. 1972ರ ಆಗಸ್ಟ್ 15ರಂದು ದೇಶದಲ್ಲಿ ಪಿನ್‌ಕೋಡ್ ಬಂದಾಗಿನ ಲೆಕ್ಕವೇ ಹಾಗೆ: ಮೊದಲ ಮೂರು ಅಂಕಿ ಕಾಗದಗಳನ್ನು ವಿಂಗಡಿಸುವ ಜಿಲ್ಲೆಯನ್ನು ಹೇಳುತ್ತವೆ, ಕೊನೆಯ ಮೂರು ಅಂಕಿ ಮನೆಗೆ ತಲುಪಿಸುವ ಅಂಚೆ ಕಚೇರಿಯನ್ನು. ಒಂದೇ ಜಾಗದಲ್ಲಿ ವಿಂಗಡಣೆ, ಆದರೆ ಚೀಲ ಬೇರೆ ಬೇರೆ.

ಒಂದು ಮೇಲ್ ಸರ್ವರಿನಲ್ಲಿ ಹಲವು ಡೊಮೇನ್ ಇಡುವುದೂ ಇದೇ ಕೆಲಸ. ಡೊಮೇನ್ ಅಂದರೆ ವಿಳಾಸದಲ್ಲಿ ‘ಅಟ್’ ಚಿಹ್ನೆಯ ಬಲಗಡೆ ಇರೋ ಹೆಸರು. ಮೂರು ಅಂಗಡಿಗೆ ಮೂರು ಡೊಮೇನ್ ಕೊಂಡೆವು. ಪ್ರತಿ ಡೊಮೇನಿಗೂ ಡಿಎನ್ಎಸ್‌ನಲ್ಲಿ ಎಂಎಕ್ಸ್ ಅಂತ ಒಂದು ದಾಖಲೆ ಇರುತ್ತೆ. “ಈ ಹೆಸರಿಗೆ ಬರೋ ಕಾಗದವನ್ನ ಇಂಥ ಯಂತ್ರಕ್ಕೆ ಒಪ್ಪಿಸಿ” ಅನ್ನೋದೇ ಅದರ ಅರ್ಥ. 1986ರಿಂದ ಇರೋ ಏರ್ಪಾಡು. ಮೂರೂ ಡೊಮೇನಿನ ಎಂಎಕ್ಸ್‌ನಲ್ಲಿ ಒಂದೇ ಯಂತ್ರದ ಹೆಸರು ಬರೆದೆ. ಯಂತ್ರ ಒಂದೇ ಆದರೂ ಹೊರಗಿನವರಿಗೆ ಮೂರು ಪ್ರತ್ಯೇಕ ವಿಳಾಸ. ಇದಕ್ಕೇ ವರ್ಚುವಲ್ ಡೊಮೇನ್ ಅನ್ನೋದು.

ಯಂತ್ರವನ್ನ ರಾಯಚೂರಿನ ಮನೆಯಲ್ಲಿ ಇಡಲಿಲ್ಲ. ನಮ್ಮ ಕಡೆ ಬೇಸಿಗೆಯ ಕರೆಂಟ್ ಕಥೆ ನಿಮಗೂ ಗೊತ್ತು. ಅದಕ್ಕಿಂತ ದೊಡ್ಡ ತೊಡಕು ಅಂದ್ರೆ ಮನೆಯ ಬ್ರಾಡ್‌ಬ್ಯಾಂಡಿಗೆ ಸಾಮಾನ್ಯವಾಗಿ ಸ್ಥಿರವಾದ ಐಪಿ ವಿಳಾಸ ಇರೋದಿಲ್ಲ, ಸರ್ವರ್‌ಗಳು ಪರಸ್ಪರ ಮಾತಾಡುವ 25ನೇ ಪೋರ್ಟ್ ಅನ್ನು ಎಷ್ಟೋ ಕಡೆ ಮುಚ್ಚಿರುತ್ತಾರೆ. ಅದಕ್ಕೇ ಮುಂಬೈನ ಒಂದು ಡೇಟಾ ಸೆಂಟರಿನಲ್ಲಿ ಸಣ್ಣ ಸರ್ವರ್ ಬಾಡಿಗೆಗೆ ಹಿಡಿದೆ.

“ಅದೂ ಬಂದ್ ಬಿದ್ರ ನಮ್ಮ ಮೇಲ್ ಎಲ್ಲಿ ಹೋಗ್ತಾವ?” ಅಂತ ಅಕ್ಕ ಕೇಳಿದ್ದಳು. ಒಳ್ಳೆ ಪ್ರಶ್ನೆ. ಎಲ್ಲೂ ಹೋಗೋದಿಲ್ಲ. ಕಳಿಸುವವರ ಸರ್ವರ್ ಅದನ್ನು ಸಾಲಿನಲ್ಲಿ ಇಟ್ಟುಕೊಂಡು ಆಗಾಗ ಮತ್ತೆ ಪ್ರಯತ್ನಿಸುತ್ತೆ. ನಾನು ಹಾಕಿದ ಪೋಸ್ಟ್‌ಫಿಕ್ಸ್ ತಂತ್ರಾಂಶವಾದರೆ ಬೇರೇನೂ ಹೇಳದಿದ್ದಾಗ 5 ದಿನ ಕಾಯುತ್ತೆ, ಆಮೇಲಷ್ಟೇ ಕಳಿಸಿದವರಿಗೆ ವಾಪಸ್ ಮಾಡುತ್ತೆ. ಪೋಸ್ಟ್‌ಮ್ಯಾನ್ ಮನೆಗೆ ಬೀಗ ಇದ್ದರೆ ಕಾಗದ ಹರಿದು ಹಾಕೋದಿಲ್ಲವಲ್ಲ, ಹಾಗೆ.

ಪೋಸ್ಟ್‌ಫಿಕ್ಸ್ ಬರೆದವರು ವೀಟ್ಸೆ ವೆನೆಮಾ. ಅಮೆರಿಕದ ಐಬಿಎಂ ಸಂಶೋಧನಾ ಕೇಂದ್ರದಲ್ಲಿದ್ದಾಗ ಬರೆದು 1998ರ ಡಿಸೆಂಬರಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಮೇಲ್ ತಗೊಳ್ಳೋದು, ವಿಂಗಡಿಸೋದು, ತಲುಪಿಸೋದು ಇದರ ಕೆಲಸ. ಬಂದ ಮೇಲ್ ಅನ್ನು ನಿಮ್ಮ ಫೋನಿಗೆ ತೋರಿಸಲು ಇನ್ನೊಂದು ಬೇಕು. ಅದು ಡವ್‌ಕಾಟ್, ಫಿನ್‌ಲೆಂಡಿನ ಟಿಮೊ ಸಿರೈನೆನ್ 2002ರಲ್ಲಿ ಹೊರತಂದದ್ದು. ಎರಡಕ್ಕೂ ಒಂದು ರೂಪಾಯಿ ಕೊಡಬೇಕಿಲ್ಲ.

ನಾನು ಮಾಡಿದ ತಪ್ಪು

ಪೋಸ್ಟ್‌ಫಿಕ್ಸಿಗೆ ಡೊಮೇನ್‌ಗಳನ್ನ ಪರಿಚಯಿಸುವಾಗ ಅವು ಯಾವ ವರ್ಗದವು ಅಂತ ಹೇಳಬೇಕು. ‘ಮೈ ಡೆಸ್ಟಿನೇಶನ್’ ಅಂತ ಒಂದು ಸಾಲಿದೆ. ಅಲ್ಲಿ ಬರೆದ ಡೊಮೇನುಗಳು ಯಂತ್ರದ ಸ್ವಂತ ಹೆಸರುಗಳು ಅಂತ ಲೆಕ್ಕ. ಹಿಂದೆ ಒಂದು ಯಂತ್ರಕ್ಕೆ ಒಂದೇ ಹೆಸರು ಇದ್ದು, ಅದರಲ್ಲಿ ಖಾತೆ ಇದ್ದವರಿಗೆಲ್ಲ ಮೇಲ್ ಬರುತ್ತಿದ್ದ ಕಾಲದ ಪದ್ಧತಿ ಇದು. ಇಲ್ಲಿ ಒಂದು ಗುಟ್ಟಿದೆ: ಈ ವರ್ಗದಲ್ಲಿ ಪೋಸ್ಟ್‌ಫಿಕ್ಸ್ ಪೆಟ್ಟಿಗೆ ಹುಡುಕುವಾಗ ‘ಅಟ್’ ಚಿಹ್ನೆಯ ಎಡಗಡೆ ಮಾತ್ರ ನೋಡುತ್ತೆ. ಬಲಗಡೆ ಯಾವ ಡೊಮೇನ್ ಇದ್ದರೂ ಒಂದೇ.

ನಾನು ಮೂರೂ ಡೊಮೇನ್ ತಂದು ಅದೇ ಸಾಲಿಗೆ ಹಾಕಿದೆ. ಬೇಗ ಆಗುತ್ತೆ ಅಂತ. ಅಪ್ಪ, ಮಾಮ, ಅಕ್ಕ ಮೂವರ ಹೆಸರಿನಲ್ಲಿ ಪೆಟ್ಟಿಗೆ ಮಾಡಿ ಪರೀಕ್ಷೆ ಮಾಡಿದೆ. ಮೂವರಿಗೂ ಅವರವರ ಮೇಲ್ ಸರಿಯಾಗಿ ಬಂತು. ಹೆಸರು ಬೇರೆ ಬೇರೆ ಇದ್ದದ್ದರಿಂದ ತಪ್ಪು ಕಾಣಲೇ ಇಲ್ಲ. ಹೊರಡುವ ದಿನ ಅಕ್ಕ, “ತಮ್ಮಾ, ಲೆಕ್ಕದ್ದ ಒಂದು ಬ್ಯಾರೆ ಇರ್ಲಿ” ಅಂದಳು. ಸರಿ ಅಂತ ‘ಲೆಕ್ಕ’ ಅನ್ನೋ ಖಾತೆ ಒಂದು ಮಾಡಿ, ಮೂರು ಡೊಮೇನಿಗೂ ಲೆಕ್ಕದ ವಿಳಾಸ ಬಂತು ಅಂತ ಖುಷಿಯಿಂದ ಬಸ್ ಹತ್ತಿದೆ. ಮಾಮ ಮಾರನೇ ದಿನವೇ ಆ ವಿಳಾಸವನ್ನು ಕಂಪನಿಗಳಿಗೂ ಬ್ಯಾಂಕಿಗೂ ಕೊಟ್ಟರು.

ಮೂರು ವಾರದ ಮೇಲೆ ಒಂದು ಭಾನುವಾರ ಅಪ್ಪನ ಫೋನು. ಅಪ್ಪ ಭಾನುವಾರ ಫೋನ್ ಮಾಡೋದು ರೂಢಿ. ಆದರೆ ಅವತ್ತು ಮನೆಯೊಳಗಿಂದ ಅಲ್ಲ, ಮಾಳಿಗೆ ಮೇಲೆ ಹೋಗಿ ಮಾಡಿದ್ದ.

“ನಿನ್ನ ಮಾಮನ ಕಾಗದ ನನ್ನ ಫೋನಿಗೆ ಯಾಕ ಬಂದದಲೇ?”

“ಯಾವ ಕಾಗದ ಅಪ್ಪ?”

“ಬ್ಯಾಂಕಿಂದು. ಸಾಲದ್ದು.” ಸ್ವಲ್ಪ ಹೊತ್ತು ಸುಮ್ಮನಿದ್ದ. “ನಿಮ್ಮವ್ವಗ ಹೇಳಿಲ್ಲ ನಾನು.”

ಮಾಮ ಎರಡು ಹಂಗಾಮಿನಿಂದ ರೈತರಿಗೆ ಬೀಜ, ಗೊಬ್ಬರ ಉದ್ರಿ ಕೊಟ್ಟಿದ್ದರು. ಮೊದಲನೇ ವರ್ಷ ಬೆಳೆ ಕೈಕೊಟ್ಟಿತ್ತು, ವಸೂಲಿ ಆಗಿರಲಿಲ್ಲ. ಬ್ಯಾಂಕಿನ ಕಂತು ತಪ್ಪಿತ್ತು. ಈ ವಿಷಯ ಅವರು ಯಾರಿಗೂ ಹೇಳಿರಲಿಲ್ಲ, ತಂಗಿಗಂತೂ ಹೇಳಿರಲೇ ಇಲ್ಲ. ನಮ್ಮವ್ವ ಅವರ ತಂಗಿ. ಬ್ಯಾಂಕಿನ ನೋಟಿಸು ಮಾಮನ ಡೊಮೇನಿನ ‘ಲೆಕ್ಕ’ಕ್ಕೆ ಬಂತು. ಪೋಸ್ಟ್‌ಫಿಕ್ಸ್ ಎಡಗಡೆ ಮಾತ್ರ ನೋಡಿ, ಇರೋ ಒಂದೇ ‘ಲೆಕ್ಕ’ ಪೆಟ್ಟಿಗೆಗೆ ಹಾಕಿತು. ಆ ಪೆಟ್ಟಿಗೆ ಅಪ್ಪನ ಫೋನಿನಲ್ಲಿ ತೆರೆದಿತ್ತು. ಅಕ್ಕನ ಫೋನಿನಲ್ಲೂ ತೆರೆದಿತ್ತು, ಆದರೆ ಅವಳು ನೋಡೋದಕ್ಕೆ ಮುಂಚೆ ಅಪ್ಪ ಅದನ್ನು ಅಳಿಸಿಬಿಟ್ಟಿದ್ದ.

ಸರ್ವರಿನ ಪ್ರಕಾರ ಯಾವ ದೋಷವೂ ಇಲ್ಲ. ಲಾಗ್ ತೆಗೆದು ನೋಡಿದರೆ “ತಲುಪಿಸಲಾಗಿದೆ” ಅಂತಲೇ ಇತ್ತು. ನಾನು ಹೇಳಿದ್ದನ್ನೇ ಅದು ಮಾಡಿತ್ತು.

ಗೋಡೆ ಕಟ್ಟಿದ್ದು

ಅವತ್ತು ರಾತ್ರಿಯೇ ಕೂತು ಸರಿ ಮಾಡಿದೆ. ಇದನ್ನು ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ನಿಮ್ಮಲ್ಲಿ ಯಾರಾದರೂ ಇದೇ ಕೆಲಸಕ್ಕೆ ಕೈ ಹಾಕಿದರೆ ನನ್ನ ತಪ್ಪು ನಿಮಗೆ ಬೇಡ.

ಮೊದಲು ‘ಮೈ ಡೆಸ್ಟಿನೇಶನ್’ ಸಾಲಿನಿಂದ ಮೂರೂ ಡೊಮೇನ್ ತೆಗೆದೆ. ಅಲ್ಲಿ ಯಂತ್ರದ ಸ್ವಂತ ಹೆಸರಷ್ಟೇ ಉಳಿಯಬೇಕು.

ಆಮೇಲೆ ‘ವರ್ಚುವಲ್ ಮೇಲ್‌ಬಾಕ್ಸ್ ಡೊಮೇನ್ಸ್’ ಅನ್ನೋ ಸಾಲಿನಲ್ಲಿ ಮೂರನ್ನೂ ಬರೆದೆ. ಒಂದು ಡೊಮೇನ್ ಎರಡೂ ಕಡೆ ಇರಕೂಡದು. ಇದ್ದರೆ ಪೋಸ್ಟ್‌ಫಿಕ್ಸ್ ಲಾಗಿನಲ್ಲಿ ಎಚ್ಚರಿಕೆ ಬರೆಯುತ್ತೆ. ಲಾಗ್ ಓದುವ ಅಭ್ಯಾಸ ಇರಬೇಕು ಅಷ್ಟೇ.

ಮೂರನೆಯದು ‘ವರ್ಚುವಲ್ ಮೇಲ್‌ಬಾಕ್ಸ್ ಮ್ಯಾಪ್ಸ್’. ಇದು ಒಂದು ಪಟ್ಟಿ. ಎಡಗಡೆ ಪೂರ್ತಿ ವಿಳಾಸ, ಬಲಗಡೆ ಆ ವಿಳಾಸದ ಮೇಲ್ ಇಡುವ ಜಾಗ. ಈಗ ರಾಯಚೂರಿನ ಲೆಕ್ಕ, ದೇವದುರ್ಗದ ಲೆಕ್ಕ, ಮಾನ್ವಿಯ ಲೆಕ್ಕ ಮೂರು ಬೇರೆ ಸಾಲು, ಮೂರು ಬೇರೆ ಫೋಲ್ಡರ್. ಪಟ್ಟಿ ಬದಲಿಸಿದಾಗಲೆಲ್ಲ ‘ಪೋಸ್ಟ್‌ಮ್ಯಾಪ್’ ಅನ್ನೋ ಆಜ್ಞೆ ಕೊಟ್ಟು ಅದನ್ನು ಸೂಚಿಯಾಗಿ ಮಾಡಬೇಕು. ಮರೆತರೆ ಹಳೆ ಪಟ್ಟಿಯೇ ನಡೆಯುತ್ತೆ. ಡೊಮೇನ್‌ಗಳು, ಪೆಟ್ಟಿಗೆಗಳು ಹೆಚ್ಚಾದರೆ ಇದನ್ನೇ ಡೇಟಾಬೇಸಿನಲ್ಲಿ ಇಡಬಹುದು. ನಮ್ಮ ಹನ್ನೊಂದು ಪೆಟ್ಟಿಗೆಗೆ ಫೈಲೇ ಸಾಕು.

ಇಲ್ಲಿ ಅಪ್ಪನಿಗಾಗಲಿ ಮಾಮನಿಗಾಗಲಿ ಯಂತ್ರದ ಮೇಲೆ ಖಾತೆ ಇರೋದಿಲ್ಲ. ಎಲ್ಲ ಪೆಟ್ಟಿಗೆಗಳೂ ‘ವಿ-ಮೇಲ್’ ಅಂತ ಹೆಸರಿಟ್ಟ ಒಬ್ಬ ಕಾವಲುಗಾರನ ಹೆಸರಿನಲ್ಲಿ ಇರುತ್ತವೆ. ಆ ಹೆಸರಿನಿಂದ ಯಾರೂ ಯಂತ್ರಕ್ಕೆ ಲಾಗಿನ್ ಆಗೋದಿಲ್ಲ. ಡವ್‌ಕಾಟ್‌ನಲ್ಲಿ ಲಾಗಿನ್ ಹೆಸರು ಬರೀ ‘ಲೆಕ್ಕ’ ಅಂತ ಇದ್ದದ್ದನ್ನ ಬದಲಿಸಿ, ಪೂರ್ತಿ ವಿಳಾಸವನ್ನೇ ಕೊಡಬೇಕು ಅಂತ ಮಾಡಿದೆ.

ಇನ್ನೊಂದು ಪಟ್ಟಿ ಇದೆ, ‘ವರ್ಚುವಲ್ ಅಲಿಯಾಸ್ ಮ್ಯಾಪ್ಸ್’. ಇದು ಒಂದು ವಿಳಾಸಕ್ಕೆ ಬಂದದ್ದನ್ನು ಇನ್ನೊಂದಕ್ಕೆ ದಾಟಿಸುತ್ತೆ. ದೇವದುರ್ಗದ ಆರ್ಡರ್ ವಿಳಾಸಕ್ಕೆ ಬಂದದ್ದು ಮಾಮನಿಗೂ ಅವರ ಮಗನಿಗೂ ಹೋಗೋದು ಇದರಿಂದ. ಇದರಲ್ಲೇ ‘ಯಾವ ಹೆಸರಿಗೆ ಬಂದರೂ ನನಗೇ ಕೊಡು’ ಅಂತ ಬರೆಯಬಹುದು. ಬರೀಬೇಡಿ. ಸ್ಪ್ಯಾಮ್ ಕಳಿಸುವವರು ಬಾಯಿಗೆ ಬಂದ ಹೆಸರಿಗೆಲ್ಲ ಕಳಿಸುತ್ತಾರೆ, ಎಲ್ಲ ನಿಮ್ಮ ತಲೆ ಮೇಲೆ ಬೀಳುತ್ತೆ. ಇಲ್ಲದ ಹೆಸರಿಗೆ ‘ಇಲ್ಲ’ ಅನ್ನೋದೇ ಸರಿ.

ಪರೀಕ್ಷೆ ಮಾಡುವಾಗ ‘ಸಾಫ್ಟ್ ಬೌನ್ಸ್’ ಅನ್ನೋ ಸೌಲಭ್ಯ ಚಾಲೂ ಮಾಡಿಕೊಳ್ಳಿ. ಪಟ್ಟಿಯಲ್ಲಿ ಏನಾದರೂ ತಪ್ಪಿದ್ದರೆ ಮೇಲ್ ಪೂರ್ತಿ ತಿರಸ್ಕಾರ ಆಗೋದಿಲ್ಲ, “ಆಮೇಲೆ ಬಾ” ಅಂತ ಉತ್ತರ ಹೋಗುತ್ತೆ. ಎಲ್ಲ ಸರಿಯಾದ ಮೇಲೆ ತೆಗೆಯೋದನ್ನು ಮರೀಬೇಡಿ. ಹಾಗೇ, ಹೊರಗಿನ ಯಾರೋ ನಿಮ್ಮ ಸರ್ವರ್ ಮೂಲಕ ಇನ್ಯಾರಿಗೋ ಮೇಲ್ ಕಳಿಸಲು ಆಗಬಾರದು. ಆಯಿತೋ, ಸ್ಪ್ಯಾಮ್‌ಗಾರರು ಬೇಗನೇ ಅದನ್ನು ಹುಡುಕಿ ತೆಗೀತಾರೆ, ನಿಮ್ಮ ಐಪಿ ವಿಳಾಸ ಕಪ್ಪುಪಟ್ಟಿಗೆ ಸೇರುತ್ತೆ.

ಈ ಸಲ ಪರೀಕ್ಷೆಯನ್ನ ಒಂದೇ ಹೆಸರಿನಿಂದ ಮಾಡಿದೆ. ಮೂರು ‘ಲೆಕ್ಕ’ಕ್ಕೆ ಮೂರು ಬೇರೆ ಮೇಲ್. ಮೂರೂ ಅವರವರ ಮನೆಗೇ ಹೋದವು.

ದೇವದುರ್ಗದಲ್ಲಿ ಒಂದು ಸಂಜೆ

ಸರ್ವರ್ ಸರಿಯಾಯ್ತು, ಆದರೆ ಮಾಮನಿಗೆ ಹೇಳಬೇಕಲ್ಲ. ಅಪ್ಪ “ಬಿಡು, ಅವರಿಗೆ ಗೊತ್ತಾಗೋದು ಬ್ಯಾಡ” ಅಂದ. ನನಗೆ ಅದು ಸರಿ ಅನ್ನಿಸಲಿಲ್ಲ. ಅವರ ಕಾಗದವನ್ನ ಇನ್ನೊಬ್ಬರು ಓದಿದ್ದಾರೆ ಅನ್ನೋದು ಅವರಿಗೆ ತಿಳಿಯಬೇಕಾದ ವಿಷಯ. ಮುಂದಿನ ಶನಿವಾರ ರಾಯಚೂರಿನಿಂದ ಬಸ್ ಹತ್ತಿದೆ. ಗಬ್ಬೂರು ದಾಟಿ ಎರಡೂ ಕಡೆ ಹತ್ತಿ ಹೊಲ. ಮೊಣಕಾಲುದ್ದ ಬೆಳೆದಿತ್ತು.

ಮಾಮ ಅಂಗಡಿಯಲ್ಲೇ ಚಹಾ ತರಿಸಿದರು. ಹೇಳಿದೆ. ಎಲ್ಲ ಕೇಳಿಸಿಕೊಂಡು ತಕ್ಕಡಿ ಕಡೆ ನೋಡುತ್ತಾ ಕೂತರು.

“ನಿಮ್ಮಪ್ಪ ಓದ್ಯಾನಂದ್ರ ಚಿಂತಿಲ್ಲ ಬಿಡು. ನಿಮ್ಮವ್ವಗ ಗೊತ್ತಾಗ್ಯದೇನು?”

“ಇಲ್ಲ ಮಾಮಾ.”

“ಹ್ಞೂಂ.” ಮತ್ತೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. “ಅಳಿಯಾ, ಒಂದು ಮಾತು ಖರೇ ಹೇಳು. ನೀ ಎಲ್ಲಾರದೂ ಓದಬಹುದೇನು?”

ಈ ಪ್ರಶ್ನೆಗೆ ನಾನು ತಯಾರಿರಲಿಲ್ಲ. ಉತ್ತರ ಮಾತ್ರ ಒಂದೇ. ಓದಬಹುದು. ನಾವು ಇಟ್ಟ ರೀತಿಯಲ್ಲಿ ಪ್ರತಿ ಮೇಲ್ ಸರ್ವರಿನಲ್ಲಿ ಒಂದೊಂದು ಫೈಲ್ ಆಗಿ ಕೂತಿರುತ್ತೆ. ಸರ್ವರಿನ ಮುಖ್ಯ ಪಾಸ್‌ವರ್ಡ್ ಇರೋರು ಯಾವ ಫೈಲನ್ನಾದರೂ ತೆರೆಯಬಹುದು. ದಾರಿಯಲ್ಲಿ ಕಳ್ಳರು ನೋಡದ ಹಾಗೆ ಗೂಢಲಿಪಿ ಇದೆ, ಒಳಗಿರುವ ನನ್ನಿಂದ ಕಾಪಾಡಲು ಏನೂ ಇಲ್ಲ.

“ಓದಬಹುದು ಮಾಮಾ. ಓದೋದಿಲ್ಲ. ಆದ್ರ ಓದಬಹುದು.”

ಮಾಮ ನಕ್ಕರು. “ಮೊದಲಿನ ಹುಡುಗನೂ ಹಂಗೇ ಇದ್ದ. ಅವನ ಮ್ಯಾಲೂ ನಂಬಿಕಿ ಇತ್ತು.”

ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಈ ಮಾತು ರಾಯಚೂರಿನ ತನಕ ಬಸ್ಸಿನಲ್ಲಿ ಜೊತೆಗೇ ಬಂತು. ಮಾಮನ ಅಂಗಡಿಯ ವಿಳಾಸ ಮೊದಲು ಒಬ್ಬ ಹುಡುಗನ ಮೊಬೈಲ್ ನಂಬರಿನಲ್ಲಿ ಸಿಕ್ಕಿಕೊಂಡಿತ್ತು. ಈಗ ನನ್ನ ಲ್ಯಾಪ್‌ಟಾಪಿನಲ್ಲಿ ಸಿಕ್ಕಿಕೊಂಡಿದೆ. ಡೊಮೇನ್ ಮೂರೂ ನನ್ನ ಹೆಸರಿನಲ್ಲಿ, ನನ್ನ ಕಾರ್ಡಿನಲ್ಲಿ. ನಾಳೆ ನನಗೆ ಏನಾದರೂ ಆದರೆ, ಅಥವಾ ನಾನೇ ದೂರ ಹೋದರೆ, ಆ ಹುಡುಗ ನಾನೇ.

ಗುರುತಿನ ಚೀಟಿ

ಅದನ್ನ ಸರಿಪಡಿಸುವ ಮುಂಚೆ ಇನ್ನೊಂದು ಪೆಟ್ಟು ತಿಂದೆ. ಈ ಸಲ ಅಕ್ಕನ ಸರದಿ. ಚೆನ್ನೈನ ಒಬ್ಬ ವ್ಯಾಪಾರಿಗೆ ಅಕ್ಕಿಯ ಕೊಟೇಶನ್ ಕಳಿಸಿದ್ದಳು. ಮೂರು ದಿನ ಉತ್ತರ ಇಲ್ಲ. ಫೋನ್ ಮಾಡಿದರೆ, ಅದು ಅವರ ಸ್ಪ್ಯಾಮ್‌ನಲ್ಲಿ ಬಿದ್ದಿತ್ತು. ಅಷ್ಟರಲ್ಲಿ ಆ ಲೋಡು ಬೇರೆಯವರಿಗೆ ಹೋಗಿತ್ತು.

ತಪ್ಪು ಮತ್ತೆ ನನ್ನದೇ. ಇವತ್ತು ಹೊಸ ಡೊಮೇನಿನಿಂದ ಹೋಗೋ ಮೇಲ್ ಅನ್ನು ಯಾರೂ ಸುಮ್ಮನೆ ನಂಬೋದಿಲ್ಲ, ಮೂರು ಕಾಗದ ತೋರಿಸಬೇಕು. ಎಸ್‌ಪಿಎಫ್: ಈ ಡೊಮೇನಿನ ಹೆಸರಿನಲ್ಲಿ ಯಾವ ಯಂತ್ರಗಳು ಮೇಲ್ ಕಳಿಸಬಹುದು ಅನ್ನೋ ಪಟ್ಟಿ. ಡಿಕಿಮ್: ಪ್ರತಿ ಮೇಲ್‌ಗೂ ಸರ್ವರ್ ಹಾಕುವ ಸಹಿ, ಅದನ್ನು ತಾಳೆ ನೋಡುವ ಕೀಲಿ ಡಿಎನ್ಎಸ್‌ನಲ್ಲಿ ಎಲ್ಲರಿಗೂ ಕಾಣುವ ಹಾಗೆ ಇರುತ್ತೆ. ಡಿಮಾರ್ಕ್: ಇವೆರಡೂ ಹೊಂದದಿದ್ದರೆ ಮೇಲ್ ಅನ್ನು ಏನು ಮಾಡಬೇಕು ಅನ್ನೋ ಸೂಚನೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಈ ನಿಯಮ ಬಿಗಿ ಮಾಡಿವೆ. ಗೂಗಲ್‌ನ ಲೆಕ್ಕದಲ್ಲಿ ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಮೂರೂ ಕಡ್ಡಾಯ, ನಮ್ಮಂಥ ಸಣ್ಣವರಿಗೂ ಮೊದಲೆರಡರಲ್ಲಿ ಒಂದಾದರೂ ಬೇಕು.

ವರ್ಚುವಲ್ ಡೊಮೇನ್‌ಗಳಲ್ಲಿ ಎಡವೋದು ಇಲ್ಲೇ. ಯಂತ್ರ ಒಂದೇ, ಐಪಿ ವಿಳಾಸ ಒಂದೇ, ಆ ಐಪಿಯಿಂದ ಯಂತ್ರದ ಹೆಸರು ಹೇಳುವ ರಿವರ್ಸ್ ದಾಖಲೆಯೂ ಒಂದೇ ಸಾಕು. ಮೂರು ಎಂಎಕ್ಸೂ ಅದೇ ಯಂತ್ರದ ಹೆಸರು ಹೇಳೋದರಿಂದ ಸುರಕ್ಷತಾ ಸರ್ಟಿಫಿಕೇಟೂ ಒಂದೇ ಸಾಕು. ಆದರೆ ಗುರುತಿನ ಚೀಟಿ ಡೊಮೇನಿಗೆ ಒಂದೊಂದು. ನಾನು ರಾಯಚೂರಿನ ಡೊಮೇನಿಗೆ ಮಾತ್ರ ಮೂರೂ ಮಾಡಿ, ಉಳಿದೆರಡಕ್ಕೂ ಅದೇ ಆಯಿತು ಅನ್ಕೊಂಡಿದ್ದೆ. ಮಾನ್ವಿಯ ಅಕ್ಕಿ ಚೀಟಿ ಇಲ್ಲದೆ ಚೆನ್ನೈಗೆ ಹೊರಟಿತ್ತು. ಮೂರಕ್ಕೂ ಬೇರೆ ಬೇರೆ ಕೀಲಿ ಮಾಡಿದೆ. ಡಿಮಾರ್ಕ್ ಅನ್ನು ಮೊದಲು ‘ಏನೂ ಮಾಡಬೇಡ, ವರದಿ ಮಾತ್ರ ಕಳಿಸು’ ಅಂತ ಇಟ್ಟು, ಎರಡು ತಿಂಗಳು ವರದಿ ನೋಡಿ, ಆಮೇಲೆ ಬಿಗಿ ಮಾಡಿದೆ. ಈಗ ನಮ್ಮ ಹೆಸರಿನಲ್ಲಿ ಬೇರೆ ಯಾರೋ ಸುಳ್ಳು ಬಿಲ್ ಕಳಿಸಿದರೆ, ಆ ಸೂಚನೆ ಪಾಲಿಸುವ ಸರ್ವರ್‌ಗಳು ಅದನ್ನ ಬಾಗಿಲಲ್ಲೇ ತಡೀತವೆ.

ಅಕ್ಕ ಆಮೇಲೆ ಕೇಳಿದಳು: “ಕನ್ನಡದಾಗ ವಿಳಾಸ ಮಾಡ್ಲಿಕ್ಕೆ ಬರ್ತದೇನು? ಚೀಲದ ಮ್ಯಾಲ ಚಂದ ಕಾಣ್ತದ.” ಬರುತ್ತೆ. ‘.ಭಾರತ’ ಅನ್ನೋ ಕನ್ನಡ ಲಿಪಿಯ ಡೊಮೇನ್ ಇದೆ. ಕನ್ನಡ ಅಕ್ಷರದ ಇಮೇಲ್ ವಿಳಾಸಕ್ಕೆ ಬೇಕಾದ ನಿಯಮ 2012ರಲ್ಲೇ ಬಂದಿದೆ, ಪೋಸ್ಟ್‌ಫಿಕ್ಸ್ 2015ರಿಂದ ಅದನ್ನು ಒಪ್ಪುತ್ತೆ. ಆದರೆ ಎದುರಿನವರ ಸರ್ವರೂ ಒಪ್ಪಬೇಕು. ಒಂದು ಲೋಡು ಕಳಕೊಂಡ ಮೇಲೆ ಆ ಧೈರ್ಯ ಇಬ್ಬರಿಗೂ ಬರಲಿಲ್ಲ.

ತಿಜೋರಿಯ ಲಕೋಟೆ

ಕೊನೆಗೆ ಮಾಡಿದ ಕೆಲಸಕ್ಕೆ ಎಂಜಿನಿಯರಿಂಗ್ ಏನೂ ಬೇಕಿರಲಿಲ್ಲ. ಮೂರೂ ಡೊಮೇನ್‌ಗಳನ್ನು ಅವರವರ ಹೆಸರಿಗೆ ವರ್ಗಾಯಿಸಿದೆ. ನವೀಕರಣದ ಹಣ ಅವರವರ ಅಂಗಡಿಯಿಂದಲೇ ಹೋಗುತ್ತೆ, ಜ್ಞಾಪನೆಯೂ ಅವರವರ ಫೋನಿಗೇ ಬರುತ್ತೆ. ಎಲ್ಲ ಮೇಲ್‌ಗಳ ನಕಲು ದಿನಾ ರಾತ್ರಿ ಬೇರೆ ಜಾಗಕ್ಕೆ ಹೋಗುತ್ತೆ. ಸರ್ವರಿನ ಪಾಸ್‌ವರ್ಡು, ಯಾವ ಫೈಲ್ ಎಲ್ಲಿದೆ, ಏನು ಕೆಟ್ಟರೆ ಮೊದಲು ಏನು ನೋಡಬೇಕು ಎಲ್ಲವನ್ನೂ ಕನ್ನಡದಲ್ಲಿ ಎರಡು ಹಾಳೆಯಲ್ಲಿ ಬರೆದು ಲಕೋಟೆಯಲ್ಲಿ ಹಾಕಿ ಗಂಜ್ ಅಂಗಡಿಯ ತಿಜೋರಿಯಲ್ಲಿ ಇಟ್ಟೆ. ಅಪ್ಪ ಅದರ ಮೇಲೆ ಅರಿಶಿನ ಕುಂಕುಮ ಹಚ್ಚಿದ. ಹೊಸ ಖಾತೆ ಪುಸ್ತಕಕ್ಕೆ ಹಚ್ಚೋ ಹಾಗೆ.

ಇದನ್ನ ಓದಿ ನೀವೂ ಸರ್ವರ್ ಕಟ್ಟಲು ಹೊರಟರೆ ಬೇಡ ಅಂತಲೇ ಹೇಳ್ತೀನಿ. ಅಪ್‌ಡೇಟ್, ಲಾಗ್, ಕಪ್ಪುಪಟ್ಟಿ ಅಂತ ಪ್ರತಿ ವಾರ ಕೆಲಸ ಇರುತ್ತೆ. ಕಲಿಯುವ ಹುಚ್ಚಿದ್ದರೆ ಮಾಡಿ. ಇಲ್ಲದಿದ್ದರೆ ಒಂದು ಡೊಮೇನ್ ಕೊಂಡು, ಹಣ ಕೊಟ್ಟು ಯಾವುದಾದರೂ ಸೇವೆಯಲ್ಲಿ ಮೇಲ್ ಇಡಿ. ಡೊಮೇನ್ ನಿಮ್ಮ ಹೆಸರಿನಲ್ಲಿದ್ದರೆ, ಸೇವೆ ಸರಿಯಿಲ್ಲ ಅನ್ನಿಸಿದ ದಿನ ಎಂಎಕ್ಸ್ ಬದಲಿಸಿ ಬೇರೆ ಕಡೆ ಹೋಗಬಹುದು. ವಿಳಾಸ ಬದಲಾಗೋದಿಲ್ಲ, ಬೋರ್ಡು ಮತ್ತೆ ಬರೆಸಬೇಕಿಲ್ಲ.

ಅಷ್ಟೂ ಆಗದಿದ್ದರೆ ಈಗ ಕೈಯಲ್ಲಿರುವ ಫೋನಿನಿಂದಲೇ ಮನೆಗೆ ಒಂದು ಕರೆ ಮಾಡಿ. ಅಪ್ಪನ ಅಂಗಡಿ, ಅವ್ವನ ಸ್ವಸಹಾಯ ಸಂಘ, ಚಿಕ್ಕಪ್ಪನ ಗ್ಯಾರೇಜು, ಏನಿದ್ದರೂ ಸರಿ. “ನಿಮ್ಮ ಇಮೇಲ್‌ಗೆ ಯಾರ ಮೊಬೈಲ್ ನಂಬರ್ ಕೊಟ್ಟಿದೆ?” ಅಂತ ಕೇಳಿ. ಉತ್ತರ “ಆ ಹುಡುಗಂದು” ಅಂತ ಬಂದರೆ ಇವತ್ತೇ ಬದಲಿಸಿ.

ದೀಪಾವಳಿ ಆದ ಮೇಲೆ ಹತ್ತಿ ಬಂತು. ಮಾಮನ ಉದ್ರಿ ಪೂರ್ತಿ ಅಲ್ಲದಿದ್ದರೂ ಮುಕ್ಕಾಲು ವಸೂಲಾಯ್ತು, ಕಂತು ಕಟ್ಟಿದರು. ಅವ್ವನಿಗೆ ವಿಷಯವನ್ನ ಅವರೇ ಹೇಳಿದರು, ನಾವೆಲ್ಲ ಊಟಕ್ಕೆ ಕೂತಿದ್ದಾಗ. ಅವ್ವ ಅವರನ್ನ ಬೈದಳು, ಆಮೇಲೆ ಅಪ್ಪನನ್ನೂ ಬೈದಳು, “ನಿಮಗ ಗೊತ್ತಿತ್ತಲ್ಲ, ಹೇಳ್ಲಿಕ್ಕೆ ಏನಾಗಿತ್ತು?” ಅಂತ. ಅಪ್ಪ ನನ್ನ ಕಡೆ ನೋಡಿದ. ನಾನು ರೊಟ್ಟಿ ಕಡೆ ನೋಡಿದೆ.

ಮಾಮನ ಮಗ ಈಗ ಬಿ.ಇ. ಎರಡನೇ ವರ್ಷ. ಹೋದ ದಸರಾ ರಜೆಯಲ್ಲಿ ಅವನಿಗೆ ಲಕೋಟೆ ತೆಗೆದು ಓದಿಸಿದೆ, ಎರಡು ದಿನ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದೆ. ಕಳೆದ ತಿಂಗಳು ಅಂಗಡಿಗೆ ಹೊಸ ಹುಡುಗಿ ಕೆಲಸಕ್ಕೆ ಸೇರಿದಳು. ಅವಳಿಗೆ ಪೆಟ್ಟಿಗೆ ಬೇಕು ಅಂತ ಯಾರೂ ನನಗೆ ಫೋನ್ ಮಾಡಲಿಲ್ಲ. ಒಂದು ಬೆಳಗ್ಗೆ ದೇವದುರ್ಗದ ಡೊಮೇನಿನಿಂದ, ನಾನು ಮಾಡದ ಒಂದು ವಿಳಾಸದಿಂದ ನನಗೊಂದು ಮೇಲ್ ಬಂತು. ಒಳಗೆ ಒಂದೇ ಸಾಲು: “ಪರೀಕ್ಷೆ. ಬಂದದೇನು ಅಣ್ಣ?”

ಬಂದದ ಅಂತ ಬರೆದೆ.